ಸಪ್ಪರಮಂಚದ ಮೇಲ್ಕಟ್ಟು

ಸಪ್ಪರಮಂಚ ಎಂಬ ಮಾತನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಕಥೆಗಳಲ್ಲಿ ಮಾತ್ರ ಕೇಳಿರಬಹುದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಿರಿಯರಿಗೆ ಅದು ಕಣ್ಣಾರೆ ಕಂಡ ವಸ್ತು. ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬಗಳ ಮೇಲೆ ಚೌಕಟ್ಟು, ಚೌಕಟ್ಟಿನ ಮೇಲೆ ಹಲಗೆಯ ಇಲ್ಲವೇ ಬಟ್ಟೆಯ ಮೇಲ್ಕಟ್ಟು, ಅದರಿಂದ ಇಳಿಬಿಟ್ಟ ಪರದೆ. ಚಪ್ಪರವೇ ಆಡುಮಾತಿನಲ್ಲಿ ಸಪ್ಪರವಾಯಿತು. ಮದುವೆಗೆ ಮನೆಯ ಮುಂದೆ ಹಾಕುವ ಚಪ್ಪರವನ್ನು ಚಿಕ್ಕದು ಮಾಡಿ ಮಂಚದ ಮೇಲೆ ಇಟ್ಟ ಹಾಗೆ. ಇತ್ತೀಚೆಗೆ ಪೀಠೋಪಕರಣದ ಅಂಗಡಿಗಳಲ್ಲಿ ಇದೇ ಮಂಚ 'ಕ್ಯಾನೋಪಿ ಬೆಡ್' ಎಂಬ ಹೊಸ ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡಿದೆ. ಹೊಸದಾಗಿ ಮನೆ ಕಟ್ಟಿದವರು ಮಲಗುವ ಕೋಣೆಗೆ ಇದನ್ನೇ ಆರಿಸುತ್ತಾರೆ, ಚೆಂದಕ್ಕೆ ಎನ್ನುತ್ತಾರೆ. ಆದರೆ ಈ ಮೇಲ್ಕಟ್ಟು ಹುಟ್ಟಿದ್ದು ಚೆಂದಕ್ಕಲ್ಲ.

ಕ್ಯಾನೋಪಿ ಎಂಬ ಪದವನ್ನೇ ಬಿಡಿಸಿ ನೋಡಿ. ಗ್ರೀಕ್ ಭಾಷೆಯಲ್ಲಿ 'ಕೋನೋಪ್ಸ್' ಎಂದರೆ ಸೊಳ್ಳೆ. 'ಕೋನೋಪಿಯಾನ್' ಎಂದರೆ ಸೊಳ್ಳೆಪರದೆ ಕಟ್ಟಿದ ಮಂಚ. ಅದು ಲ್ಯಾಟಿನ್ ಹೊಕ್ಕು, ಫ್ರೆಂಚ್ ದಾಟಿ, ಇಂಗ್ಲಿಷಿನಲ್ಲಿ ಸಿಂಹಾಸನದ ಮೇಲಿನ ಛತ್ರಕ್ಕೂ ಕಾಡಿನ ಮರಗಳ ನೆತ್ತಿಯ ಹಂದರಕ್ಕೂ ಹೆಸರಾಯಿತು. ಫ್ರೆಂಚರು ಸೋಫಾಕ್ಕೆ 'ಕಾನಪೆ' ಎನ್ನುವುದೂ ಇದೇ ಬೇರಿನಿಂದ. ದೊಡ್ಡ ಹೋಟೆಲುಗಳಲ್ಲಿ ಆ ಹೆಸರಿನ ಒಂದು ತಿಂಡಿಯನ್ನೂ ತಂದಿಡುತ್ತಾರೆ. ಬ್ರೆಡ್ಡಿನ ಚೂರಿನ ಮೇಲೆ ಏನನ್ನಾದರೂ ಕೂರಿಸಿದರೆ ಸೋಫಾದ ಮೇಲೆ ಕುಳಿತಂತೆ ಎಂಬ ಕಲ್ಪನೆ. ತಿನ್ನುವವರಿಗೆ ಸೊಳ್ಳೆಯ ನೆನಪಾಗದಿರುವುದು ಒಳ್ಳೆಯದೇ.

ನಮ್ಮ 'ಮಂಚ'ದ ಚರಿತ್ರೆಯೂ ಸ್ವಾರಸ್ಯವಾಗಿದೆ. ಸಂಸ್ಕೃತದಲ್ಲಿ ಮಂಚವೆಂದರೆ ಎತ್ತರದ ಕಟ್ಟೆ, ವೇದಿಕೆ. ಹಿಂದಿಯವರು ಇಂದಿಗೂ ರಂಗವೇದಿಕೆಯನ್ನು ಮಂಚ ಎಂದೇ ಕರೆಯುತ್ತಾರೆ. ನಮ್ಮ ರೈತರು ಹೊಲದಲ್ಲಿ ಹಕ್ಕಿ ಕಾಯಲು ಕಟ್ಟುವ ಅಟ್ಟಣೆ ಮಂಚಿಕೆ. ಅಂದರೆ ಮಂಚದ ಮೊದಲ ಗುಣ ಮೆತ್ತಗಿರುವುದಲ್ಲ, ನೆಲದಿಂದ ಮೇಲಿರುವುದು. ಹಾವು, ಚೇಳು, ತೇವ ಇವುಗಳಿಂದ ದೂರ. ಕೆಳಗಿನ ಭಯಕ್ಕೆ ಕಾಲು, ಮೇಲಿನ ಭಯಕ್ಕೆ ಸಪ್ಪರ ಎಂದು ಇಟ್ಟುಕೊಂಡರೆ ಈ ಮಂಚದ ವಿನ್ಯಾಸ ಅರ್ಥವಾಗುತ್ತದೆ.

ಮೇಲಿನ ಭಯ ಯಾವುದು? ಅದನ್ನು ತಿಳಿಯಲು ನಮ್ಮ ಬಯಲುಸೀಮೆಯ ಹಳೆಯ ಮನೆಯೊಳಗೆ ಒಮ್ಮೆ ತಲೆಯೆತ್ತಿ ನೋಡಬೇಕು. ಮಾಳಿಗೆ ಮನೆಯಲ್ಲಿ ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪುಸದೆ, ಅದರ ಮೇಲೆ ಅಡಿಯಷ್ಟು ಮಣ್ಣು. ಬೇಸಗೆಯಲ್ಲಿ ಅದು ತಂಪು. ಆದರೆ ಒಣಗಿದಾಗ ಮಣ್ಣು ಉದುರುತ್ತದೆ, ಮಳೆಯಲ್ಲಿ ಸೋರುತ್ತದೆ, ಜಂತೆಯ ಸಂದಿಯಲ್ಲಿ ಜರಿ, ಹಲ್ಲಿ, ಇಲಿ ಸಂಸಾರ ಹೂಡುತ್ತವೆ. ಹುಲ್ಲಿನ ಗುಡಿಸಲಿನಲ್ಲೂ ನಾಡಹೆಂಚಿನ ಮನೆಯಲ್ಲೂ ಈ ಕಾಟ ತಪ್ಪಿದ್ದಲ್ಲ. ಮಲಗಿದವನ ಮುಖದ ಮೇಲೆ ಮಣ್ಣು ಬೀಳಬಾರದು ಎಂಬುದೇ ಹಲಗೆ ಸಪ್ಪರದ ಮೊದಲ ಉದ್ದೇಶ. ಯುರೋಪಿನಲ್ಲಿ ಕಾರಣ ಬೇರೆ. ಅಲ್ಲಿ ದಪ್ಪ ಪರದೆಗಳನ್ನು ಸುತ್ತಲೂ ಎಳೆದು, ಮಲಗಿದವರ ಮೈಶಾಖ ಹೊರಗೆ ಹೋಗದಂತೆ ತಡೆಯುತ್ತಿದ್ದರು. ಚಳಿಯ ಕೋಣೆಯೊಳಗೆ ಇನ್ನೊಂದು ಸಣ್ಣ ಬೆಚ್ಚನೆಯ ಕೋಣೆ. ಸುಮಾರು 1590ರಲ್ಲಿ ಇಂಗ್ಲೆಂಡಿನ ವೇರ್ ಎಂಬ ಊರಿನ ವಸತಿಗೃಹಕ್ಕಾಗಿ ಮಾಡಿದ ಹತ್ತು ಅಡಿಗೂ ಹೆಚ್ಚು ಅಗಲದ ಮಂಚ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಷೇಕ್ಸ್‌ಪಿಯರನ ನಾಟಕದಲ್ಲೂ ಅದರ ಪ್ರಸ್ತಾಪ ಬರುತ್ತದೆ. ಒಂದೇ ಆಕಾರ, ಅಲ್ಲಿ ಚಳಿಗೆ, ಇಲ್ಲಿ ಮಣ್ಣಿಗೆ, ಗ್ರೀಕರಿಗೆ ಸೊಳ್ಳೆಗೆ.

ಎಲ್ಲಕ್ಕಿಂತ ಹಳೆಯ ಸಾಕ್ಷ್ಯ ಈಜಿಪ್ಟಿನದು. 1925ರಲ್ಲಿ ಜಾರ್ಜ್ ರೈಸ್ನರ್ ತಂಡದವರು ಗೀಜಾದ ಪಿರಮಿಡ್ಡಿನ ಬಳಿ ಹೆತೆಫೆರೆಸ್ ರಾಣಿಯ ಗೋರಿಯನ್ನು ಪತ್ತೆಹಚ್ಚಿದರು. ಮಹಾ ಪಿರಮಿಡ್ ಕಟ್ಟಿಸಿದ ಖುಫುವಿನ ತಾಯಿ ಈಕೆ; ಕಾಲ ಇಂದಿಗೆ ಸುಮಾರು 4600 ವರ್ಷ ಹಿಂದೆ. ಅಲ್ಲಿ ಚಿನ್ನದ ತಗಡು ಹೊದಿಸಿದ ಮರದ ಸಪ್ಪರದ ಚೌಕಟ್ಟು, ಒಂದು ಮಂಚ, ಪರದೆ ಮಡಿಚಿಡುವ ಪೆಟ್ಟಿಗೆ ಸಿಕ್ಕವು. ಸಪ್ಪರವನ್ನು ಕಂಬ ಕಂಬವಾಗಿ ಬಿಚ್ಚಿ ಬೇರೆಡೆಗೆ ಒಯ್ಯಬಹುದಿತ್ತು. ಆಮೇಲೆ ಹೆರೊಡೋಟಸ್ ಎಂಬ ಗ್ರೀಕ್ ಚರಿತ್ರಕಾರ ನೈಲ್ ನದಿಯ ಜೌಗುಪ್ರದೇಶದ ಬೆಸ್ತರ ವಿಷಯ ಬರೆದ. ಹಗಲು ಮೀನು ಹಿಡಿದ ಬಲೆಯನ್ನೇ ಅವರು ರಾತ್ರಿ ಹಾಸಿಗೆಯ ಸುತ್ತ ಕಟ್ಟಿಕೊಳ್ಳುತ್ತಿದ್ದರಂತೆ. ಬಟ್ಟೆ ಹೊದ್ದರೆ ಅದರ ಮೂಲಕವೂ ಸೊಳ್ಳೆ ಕಚ್ಚುತ್ತದೆ, ಬಲೆಯ ಹತ್ತಿರ ಸುಳಿಯುವುದೇ ಇಲ್ಲ ಎನ್ನುತ್ತಾನೆ. ಮೀನಿನ ಬಲೆಯ ಕಣ್ಣಿನಲ್ಲಿ ಸೊಳ್ಳೆ ನುಸುಳದೇ ಇರುತ್ತದೆಯೇ? ವಿಜ್ಞಾನ ಓದಿದವರಿಗೆ ಈ ಮಾತು ಸುಲಭವಾಗಿ ಗಂಟಲಿನಲ್ಲಿ ಇಳಿಯುವುದಿಲ್ಲ. ಆದರೂ ರಾಣಿಗೆ ಚಿನ್ನದ ಸಪ್ಪರ, ಬೆಸ್ತನಿಗೆ ಮೀನಿನ ಬಲೆ ಎಂಬ ಈ ಜೋಡಿಚಿತ್ರವನ್ನು ಮರೆಯಬೇಡಿ.

ಭಾರತದಲ್ಲಿ ಮಂಚದ ಶಾಸ್ತ್ರವನ್ನು ಬರೆದಿಟ್ಟವರಲ್ಲಿ 6ನೇ ಶತಮಾನದ ವರಾಹಮಿಹಿರ ಮುಖ್ಯ. ಅವನ 'ಬೃಹತ್ಸಂಹಿತೆ'ಯಲ್ಲಿ ಶಯ್ಯೆ ಮತ್ತು ಆಸನಗಳಿಗೇ ಒಂದು ಅಧ್ಯಾಯವಿದೆ. ಅರಸನ ಮಂಚ 100 ಅಂಗುಲ, ರಾಜಕುಮಾರನದು 90, ಮಂತ್ರಿಯದು 84, ಸೇನಾಪತಿಯದು 78, ಪುರೋಹಿತನದು 72. ಅಂಗುಲವನ್ನು ಮುಕ್ಕಾಲು ಇಂಚು ಎಂದು ಹಿಡಿದರೆ ಅರಸನ ಮಂಚ 75 ಇಂಚು ಆಗುತ್ತದೆ. ಇಂದು ಅಂಗಡಿಗೆ ಹೋಗಿ ಸಾಮಾನ್ಯ ಹಾಸಿಗೆ ಕೇಳಿದರೆ ಕೊಡುವುದೂ 75 ಇಂಚಿನದೇ! ಅದೇ ಲೆಕ್ಕದಲ್ಲಿ ಪುರೋಹಿತರ ಪಾಲಿಗೆ ಬರುವುದು ನಾಲ್ಕೂವರೆ ಅಡಿ. ಪಾಪ, ಕಾಲು ಮಡಚಿಕೊಂಡೇ ಮಲಗಬೇಕು. ಯಾವ ಮರ ಒಳ್ಳೆಯದು, ಯಾವುದು ಅಶುಭ ಎಂಬ ಪಟ್ಟಿಯೂ ಇದೆ. ತೇಗ, ದೇವದಾರು, ಚಂದನ ಒಳ್ಳೆಯವು. ಸಿಡಿಲು ಬಡಿದ, ಬಿರುಗಾಳಿಗೆ ಬಿದ್ದ, ಆನೆ ಕೆಡವಿದ ಮರ ಬೇಡ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಆತುರವಾದೀತು. ಸಿಡಿಲು ಬಡಿದ ಮರದ ಒಳಗೆ ಬಿರುಕು ಬಿಟ್ಟಿರುತ್ತದೆ. ಗಾಳಿಗೆ ಬಿದ್ದ ಮರಕ್ಕೆ ಮೊದಲೇ ಟೊಳ್ಳು ಹಿಡಿದಿರಬಹುದು. ಬಡಗಿಯ ಅನುಭವಕ್ಕೆ ಶಾಸ್ತ್ರದ ಅಂಗಿ ತೊಡಿಸಿದ್ದಾರೆ. ನಮ್ಮ ನಾಡಿನವನೇ ಆದ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲೂ ಅರಸನ ಭೋಗಗಳ ಸಾಲಿನಲ್ಲಿ ಶಯ್ಯಾಭೋಗವನ್ನು ವಿವರಿಸಲಾಗಿದೆ.

ಇವೆಲ್ಲ ಅರಮನೆಯ ಮಾತು. ಊರ ಮನೆಯ ಮಂಚಕ್ಕೆ ಬರೋಣ. ಗುಬ್ಬಿ ಹಿಂದಿನಿಂದಲೂ ವ್ಯಾಪಾರದ ಊರು. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯ ವಿಷಯ ಬರೆದಿದ್ದಾನೆ. ಇಂಥ ಊರುಗಳಲ್ಲಿ ಸಾಹುಕಾರರ, ಪಟೇಲರ, ಶಾನುಭೋಗರ ತೊಟ್ಟಿಮನೆಗಳಲ್ಲಿ ಸಪ್ಪರಮಂಚಕ್ಕೆ ಜಾಗವಿತ್ತು. ಮರಕ್ಕೆ ಹೊನ್ನೆ, ತೇಗ, ಬೀಟೆ. ಅಷ್ಟು ಅನುಕೂಲವಿಲ್ಲದವರಿಗೆ ಹಲಸು. ಹಲಸಿನ ಮರ ಕಡೆಗಣಿಸುವಂಥದ್ದಲ್ಲ. ಕೊಯ್ದಾಗ ಹಳದಿ, ಕಾಲ ಕಳೆದಂತೆ ಜೇನುಬಣ್ಣ. ಗೆದ್ದಲು ಬೇಗ ಹತ್ತದು. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಹಲಸಿನ ಹಣ್ಣಿಗೆ 'ಸಿದ್ದು' ತಳಿಯಿಂದಾಗಿ ಈಗ ದೇಶಾದ್ಯಂತ ಹೆಸರು ಬಂದಿದೆ. ಆ ಮರದ ಮೈಗೂ ಒಂದು ಕಾಲಕ್ಕೆ ಅಷ್ಟೇ ಬೆಲೆಯಿತ್ತು.

ಕಂಬ ಮತ್ತು ಕಾಲುಗಳನ್ನು ತಿರುಗಣೆಯಲ್ಲಿ ಕಡೆದು, ಕೆಲವೊಮ್ಮೆ ಅರಗಿನ ಬಣ್ಣ ಹಚ್ಚುತ್ತಿದ್ದರು. ಈ ಕೆಲಸಕ್ಕೆ ಹೆಸರಾದ ಚನ್ನಪಟ್ಟಣ ಕುಣಿಗಲ್ಲಿಗೆ ದೂರವೇನಲ್ಲ. ಅಲ್ಲಿನ ತಂತ್ರ ಭೌತಶಾಸ್ತ್ರದ ಒಂದು ಸೊಗಸಾದ ಪಾಠ. ಮರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೇ ಅರಗು ಕರಗಿ ಮರದ ಮೈಗೆ ಹರಡುತ್ತದೆ. ಬೆಂಕಿ ಬೇಕಿಲ್ಲ, ಕುಂಚ ಬೇಕಿಲ್ಲ. ಆಮೇಲೆ ಕೇದಗೆ ಜಾತಿಯ ಗರಿಯಿಂದ ಉಜ್ಜಿದರೆ ಹೊಳಪು. ಇನ್ನು ಹಳೆಯ ಮಂಚದ ಬೆಸುಗೆ ನೋಡಿ: ಮೊಳೆ ಇರುವುದಿಲ್ಲ, ಇದ್ದರೂ ಅಪರೂಪ. ಒಂದು ಮರದಲ್ಲಿ ತೂತು, ಇನ್ನೊಂದರಲ್ಲಿ ನಾಲಿಗೆ, ಅಡ್ಡಲಾಗಿ ಒಂದು ಬೆಣೆ. ಹೆತೆಫೆರೆಸ್ ರಾಣಿಯ ಸಪ್ಪರದಂತೆ ಇದನ್ನೂ ಬಿಚ್ಚಿ ಮತ್ತೆ ಕಟ್ಟಬಹುದು. ಹಳೆಯ ಮನೆಗಳ ಬಾಗಿಲು ಕುಳ್ಳು; ಇಡೀ ಮಂಚ ಒಳಗೆ ಹೋಗುವುದು ಸಾಧ್ಯವೇ ಇರಲಿಲ್ಲ.

ಆದರೆ ಆ ಮನೆಯಲ್ಲಿ ಎಷ್ಟು ಜನ ಈ ಮಂಚದ ಮೇಲೆ ಮಲಗುತ್ತಿದ್ದರು? ಇದು ಚರಿತ್ರೆಯ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ. ಯಜಮಾನ, ಅಥವಾ ಹೊಸದಾಗಿ ಮದುವೆಯಾದ ದಂಪತಿಗಳು. ಉಳಿದವರಿಗೆ ಪಡಸಾಲೆಯಲ್ಲಿ ಈಚಲು ಚಾಪೆ, ಜಗುಲಿಯಲ್ಲಿ ಕಂಬಳಿ. ಆಳುಮಕ್ಕಳಿಗೆ ಕೊಟ್ಟಿಗೆಯ ಪಕ್ಕ. ಮುದುಕರಿಗೋ ಬಾಣಂತಿಗೋ ತೆಂಗಿನ ನಾರಿನ ಹಗ್ಗ ನೇಯ್ದ ನುಲಿಮಂಚ. ಹಿರಿಯರ ಎದುರು, ಮೇಲ್ಜಾತಿಯವರ ಎದುರು ಮಂಚದ ಮೇಲೆ ಕೂರಬಾರದೆಂಬ ಕಟ್ಟುಪಾಡು ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ಇತ್ತು. ಎತ್ತರದ ಮಂಚವೇ ಅಹಂಕಾರದ ಗುರುತು ಎಂದು ತಿಳಿದು ಬೌದ್ಧರು ಭಿಕ್ಷುಗಳಿಗೆ ಉಚ್ಚಾಸನ ಮಹಾಶಯನಗಳನ್ನು ನಿಷೇಧಿಸಿದ್ದರು. ಮುಂದೆ ಮಂಚ ಮದುವೆಯ ಮಾತುಕತೆಗೂ ಬಂತು. ಮಂಚ, ಹಾಸಿಗೆ, ಬೀರು ಎಂಬ ಮೂರು ಹೆಣ್ಣಿನ ತಂದೆಯ ಲೆಕ್ಕದ ಪುಸ್ತಕದಲ್ಲಿ ಕಾಯಂ ಆದವು. ಬಳುವಳಿ ಎಂಬ ಮೆತ್ತನೆಯ ಹೆಸರಿನ ಕೆಳಗೆ ಎಷ್ಟು ಸಾಲ ಅಡಗಿದೆ ಎಂಬುದು 1961ರ ವರದಕ್ಷಿಣೆ ನಿಷೇಧ ಕಾಯಿದೆ ಬಂದ ಮೇಲೂ ಮುಗಿಯದ ಕಥೆ. ಸಪ್ಪರಮಂಚದ ಕೆತ್ತನೆಯನ್ನು ಹೊಗಳುವಾಗ ಇದನ್ನು ಬಿಟ್ಟು ಬರೆಯುವುದು ಸರಿಯೆನಿಸದು.

ಟೆಲಿವಿಷನ್ನಿನ ನಾವೂ ಒಂದು ತಪ್ಪು ಚಿತ್ರವನ್ನು ಬೆಳೆಸಿದ್ದೇವೆ. ಐತಿಹಾಸಿಕ ಧಾರಾವಾಹಿಯೆಂದರೆ ಅಂತಃಪುರ, ಅಂತಃಪುರವೆಂದರೆ ನಾಲ್ಕು ಕಂಬದ ಮಂಚ, ಗುಲಾಬಿ ಬಣ್ಣದ ಪರದೆ. ಕ್ಯಾಮೆರಾಕ್ಕೆ ಅದು ಅನುಕೂಲ. ಕಂಬಗಳೇ ಚೌಕಟ್ಟಾಗಿ ದೃಶ್ಯವನ್ನು ಹಿಡಿದಿಡುತ್ತವೆ. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾದ ಗುಬ್ಬಿ ಕಂಪನಿಯ ಕಾಲದ ರಂಗಭೂಮಿಯಲ್ಲಿ ಅರಮನೆಯೂ ಕಾಡೂ ಬೀದಿಯೂ ಬರೆದ ಪರದೆಗಳ ಮೇಲೆ ಇಳಿಯುತ್ತಿದ್ದವು. ಆ ವೈಭವದ ರುಚಿ ಸಿನಿಮಾಕ್ಕೆ, ಅಲ್ಲಿಂದ ನಮಗೆ ಬಂತು. ಪೌರಾಣಿಕ ಪಾತ್ರಗಳೆಲ್ಲ ಒಂದೇ ಅಂಗಡಿಯ ಮಂಚದ ಮೇಲೆ ಮಲಗುವುದನ್ನು ನೋಡಿ ನಗುವ ವಿದ್ಯಾರ್ಥಿಗಳಿದ್ದರೆ ಅವರಿಗೆ ನನ್ನ ಶಹಭಾಸ್.

ಈಗ ಸೊಳ್ಳೆಯ ವಿಷಯ. ಕುಣಿಗಲ್ ಕೆರೆಯ ಸೊಬಗನ್ನು ಹಾಡುವ ಜನಪದ ಗೀತೆ ನಿಮಗೆಲ್ಲ ಗೊತ್ತು. ಅದೇ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯದಲ್ಲಿ ಹೆಚ್ಚಾದ ನೀರು ತಾನೇ ಹೊರಹೋಗುವ ಸೈಫನ್ ವ್ಯವಸ್ಥೆಯಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೋಡಲೇಬೇಕಾದ ಜಾಗ. ಕೆರೆ, ಕಾಲುವೆ, ಗದ್ದೆ ನಮಗೆ ಅನ್ನ ಕೊಟ್ಟವು. ನಿಂತ ನೀರು ಜ್ವರವನ್ನೂ ಕೊಟ್ಟಿತು. ಅದು ಕೆಟ್ಟ ಗಾಳಿಯಿಂದ ಬರುವುದೆಂದು ಜಗತ್ತೇ ನಂಬಿತ್ತು. ಮಲೇರಿಯ ಎಂಬ ಇಟಾಲಿಯನ್ ಪದದ ಅರ್ಥವೇ ಕೆಟ್ಟ ಗಾಳಿ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ತರುಣ ರೊನಾಲ್ಡ್ ರಾಸ್ ತಮ್ಮ ಬಂಗಲೆಯಲ್ಲಿ ಸೊಳ್ಳೆ ಹೆಚ್ಚಿರುವುದೇಕೆಂದು ಹುಡುಕಿದಾಗ ಹೊರಗಿಟ್ಟ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ತೊಟ್ಟಿಯನ್ನು ಮಗುಚಿಸಿದರು, ಸೊಳ್ಳೆ ಕಡಿಮೆಯಾದವು. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಂತು.

ರಾಸ್ ಹೇಳಿದ್ದನ್ನು ಒಪ್ಪದವರೂ ಇದ್ದರು. ಅವರಿಗೆ ಉತ್ತರವಾಗಿ 1900ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಏರ್ಪಡಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಮಲೇರಿಯಕ್ಕೆ ಕುಖ್ಯಾತವಾಗಿದ್ದ ರೋಮ್ ಸಮೀಪದ ಓಸ್ಟಿಯಾದಲ್ಲಿ ಜಾಲರಿ ಬಡಿದ ಒಂದು ಮರದ ಗುಡಿಸಲು ಹಾಕಿಸಿದರು. ವೈದ್ಯರಾದ ಸಾಂಬನ್ ಮತ್ತು ಲೋ ಜ್ವರದ ಕಾಲವಿಡೀ ಅಲ್ಲಿ ಇದ್ದರು. ಹಗಲೆಲ್ಲ ಅದೇ ಊರಿನ ಗಾಳಿ ಸೇವನೆ, ಮಳೆಯಲ್ಲಿ ನೆನೆಯುವುದು. ಮುಸ್ಸಂಜೆಗೆ ಮಾತ್ರ ಜಾಲರಿಯೊಳಗೆ. ಕ್ವಿನೈನ್ ತಿನ್ನಲಿಲ್ಲ. ಜ್ವರ ಬರಲಿಲ್ಲ. ಅತ್ತ ಇಟಲಿಯಿಂದ ತರಿಸಿದ ಸೋಂಕಿನ ಸೊಳ್ಳೆಗಳಿಂದ ಲಂಡನ್ನಿನಲ್ಲಿ ಮ್ಯಾನ್ಸನ್ನರ ಮಗನೇ ಕಚ್ಚಿಸಿಕೊಂಡ. ಅವನಿಗೆ ಜ್ವರ ಬಂತು. ಗಾಳಿಯಲ್ಲ, ಸೊಳ್ಳೆಯೇ ಕಾರಣ ಎಂಬುದಕ್ಕೆ ಇನ್ನೇನು ಬೇಕು? ಗ್ರೀಕರ ಮೇಲ್ಕಟ್ಟು ಎರಡು ಸಾವಿರ ವರ್ಷ ಕಳೆದ ಮೇಲೆ ಪ್ರಯೋಗಶಾಲೆಯ ಉಪಕರಣವಾಯಿತು.

ಪರದೆ ಬಡವನ ಕೈಗೆ ಬರಲು ಯಂತ್ರ ಬೇಕಾಯಿತು. ಕೈಯಲ್ಲಿ ಹೆಣೆದ ಬಲೆ ದುಬಾರಿ. 1809ರ ಹೊತ್ತಿಗೆ ಜಾನ್ ಹೀತ್‌ಕೋಟ್ ಎಂಬ ಇಂಗ್ಲಿಷ್ ಕುಶಲಿ ಬಲೆ ಹೆಣೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಕೆಲಸ ಹೋಗುವ ಭಯದಲ್ಲಿ ಲಡ್ಡೈಟರು 1816ರಲ್ಲಿ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಅವನು ಬೇರೆ ಊರಿಗೆ ಹೋಗಿ ಮತ್ತೆ ಶುರುಮಾಡಿದ. ಇಂದಿನ ಸಾಮಾನ್ಯ ಸೊಳ್ಳೆಪರದೆಯಲ್ಲಿ ಚದರ ಇಂಚಿಗೆ 156 ಕಣ್ಣುಗಳಿರುತ್ತವೆ. ಗಾಳಿ ಆಡಬೇಕು, ಸೊಳ್ಳೆ ನುಸುಳಬಾರದು. ಈ ಎರಡರ ನಡುವಿನ ರಾಜಿಯೇ ಆ ಸಂಖ್ಯೆ. ಕಳೆದ ಶತಮಾನದ ಕೊನೆಗೆ ಪರದೆಗೆ ಕೀಟನಾಶಕ ಸೇರಿಸುವ ಕ್ರಮ ಬಂತು. 2000ದಿಂದ 2015ರವರೆಗೆ ಆಫ್ರಿಕದಲ್ಲಿ ತಪ್ಪಿಸಲಾದ ಸುಮಾರು 66 ಕೋಟಿ ಮಲೇರಿಯ ಪ್ರಕರಣಗಳಲ್ಲಿ ಮೂರನೇ ಎರಡು ಪಾಲಿನ ಕೀರ್ತಿ ಇಂಥ ಪರದೆಗಳಿಗೇ ಸಲ್ಲಬೇಕೆಂದು 2015ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ದೇಶ 1953ರಲ್ಲಿ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಡಿಡಿಟಿ ಸಿಂಪಡಿಸಿತು. 1961ರ ವೇಳೆಗೆ ವರ್ಷದ ಪ್ರಕರಣಗಳು ಸುಮಾರು ಅರ್ಧ ಲಕ್ಷಕ್ಕೆ ಇಳಿದವು. ಗೆದ್ದೆವೆಂದು ಮೈಮರೆತದ್ದೂ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡದ್ದೂ ಸೇರಿ 1976ರಲ್ಲಿ ಅವು 64 ಲಕ್ಷ ದಾಟಿದವು.

ಸಪ್ಪರಮಂಚ ಮರೆಯಾದದ್ದು ಮೇಲಿನಿಂದ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟ ಹತ್ತಿ ಬಂತು, ಆಮೇಲೆ ಕಾಂಕ್ರೀಟು. ಮಣ್ಣು ಉದುರುವುದು ನಿಂತಿತು, ಹಲಗೆ ಸಪ್ಪರಕ್ಕೆ ಕೆಲಸ ಉಳಿಯಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿದರೂ ಹಳ್ಳಿಗಳಿಗೆ ಬರಲು ದಶಕಗಳು ಹಿಡಿದವು. ಬಂದ ಮೇಲೆ ಸೂರಿನಲ್ಲಿ ಫ್ಯಾನು ತಿರುಗತೊಡಗಿತು. ಫ್ಯಾನಿನ ಗಾಳಿಗೂ ಮಲಗಿದವರಿಗೂ ನಡುವೆ ಹಲಗೆ ಇದ್ದರೆ ಆಗುತ್ತದೆಯೇ? ಇನ್ನೊಂದು ಶತ್ರು ತಿಗಣೆ. ಕೆತ್ತನೆ ಹೆಚ್ಚಿದಷ್ಟೂ ಸಂದಿ ಹೆಚ್ಚು, ಸಂದಿ ಹೆಚ್ಚಿದಷ್ಟೂ ತಿಗಣೆ ಹೆಚ್ಚು. ಮಂಚವನ್ನು ಅಂಗಳಕ್ಕೆ ತಂದು ಕುದಿಯುವ ನೀರು ಸುರಿಯುವುದು ಹಿಂದಿನ ಮನೆಗಳಲ್ಲಿ ಒಂದು ವ್ರತದಂತೆ ನಡೆಯುತ್ತಿತ್ತು. ಆಸ್ಪತ್ರೆಗಳಲ್ಲಿ ಕಬ್ಬಿಣದ ಮಂಚ ಬಂದ ಕಾರಣಗಳಲ್ಲಿ ಇದೂ ಒಂದು. ಹೀಗೆ ಅನೇಕ ಸಪ್ಪರಮಂಚಗಳು ಅಟ್ಟ ಸೇರಿದವು, ಸೌದೆಯಾದವು, ಇಲ್ಲವೇ ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲಾದವು.

ಈಗ ಹೊಸದಾಗಿ ಆರಿಸುವವರಿಗೆ ಒಂದೆರಡು ಮಾತು. ಹತ್ತಡಿ ಎತ್ತರದ ಕೋಣೆಯಾದರೆ ಮಂಚದ ಚೌಕಟ್ಟು ಆರೂವರೆ ಅಡಿ ದಾಟದಿರಲಿ. ಮೇಲೆ ಫ್ಯಾನಿನ ರೆಕ್ಕೆಗೆ ಎರಡು ಅಡಿಯಾದರೂ ಬಿಡುವಿರಬೇಕು. ಮೇಲ್ಭಾಗಕ್ಕೆ ಹಲಗೆಯೂ ದಪ್ಪ ಬಟ್ಟೆಯೂ ಬೇಡ, ತೆಳುವಾದ ಜಾಲರಿ ಸಾಕು. ಪರದೆ ನೆಲಕ್ಕೆ ಇಳಿಬಿದ್ದು ಅಲಂಕಾರವಾಗಿ ನಿಂತರೆ ಸೊಳ್ಳೆ ಕೆಳಗಿನಿಂದ ಬರುತ್ತದೆ. ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸುವಷ್ಟು ಉದ್ದವಿರಲಿ. ಅಂಗಡಿಯಲ್ಲಿ ರಿಬ್ಬನ್ ಕಟ್ಟಿ ಪಕ್ಕಕ್ಕೆ ಸರಿಸಿಟ್ಟ ಪರದೆ ಎಷ್ಟು ಚೆಂದ ಕಂಡರೂ ಅದು ಬರೀ ಚಿತ್ರ. ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಮಂಚ ಆರಿಸುವ ಭಾಗ್ಯವಿಲ್ಲ. ಕಿಟಕಿಯ ಸರಳಿಗೊಂದು, ಗೋಡೆಯ ಮೊಳೆಗೆರಡು, ಕಪಾಟಿನ ಹಿಡಿಗೊಂದು ದಾರ ಕಟ್ಟಿದರೆ ಅದೇ ನಾಲ್ಕು ಕಂಬ. ಹೆರೊಡೋಟಸ್ ಕಂಡ ಬೆಸ್ತನ ಸಂತತಿ ಅವರು.

ಮನೆಯಲ್ಲಿ ಹಳೆಯ ಮಂಚ ಉಳಿದಿದ್ದರೆ ಮಾರುವ ಮೊದಲು ಅಳತೆ ತೆಗೆದುಕೊಳ್ಳಿ. ಯಾವ ಮರ, ಎಲ್ಲಿ ಬೆಣೆ, ಯಾರ ಮದುವೆಗೆ ಬಂದದ್ದು ಎಂಬುದನ್ನು ಅಜ್ಜಿಯನ್ನು ಕೇಳಿ ಬರೆದಿಡಿ. ಯಾರು ಅದರ ಮೇಲೆ ಮಲಗುತ್ತಿದ್ದರು, ಯಾರು ಮಲಗುತ್ತಿರಲಿಲ್ಲ ಎಂಬುದನ್ನೂ ಕೇಳಿ.

ಒಂದು ಸಂಗತಿ ಉಳಿಯಿತು. 1880ರ ದಶಕದಲ್ಲಿ ಪನಾಮ ಕಾಲುವೆ ತೋಡಲು ಹೋದ ಫ್ರೆಂಚರು ಅಲ್ಲಿ ಒಳ್ಳೆಯ ಆಸ್ಪತ್ರೆ ಕಟ್ಟಿದರು. ಇರುವೆ ಹತ್ತದಿರಲೆಂದು ಮಂಚದ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಟ್ಟರು. ಆ ಬಟ್ಟಲುಗಳಲ್ಲೇ ಸೊಳ್ಳೆ ಮರಿಮಾಡಿ, ಕಾಯಿಲೆಯಿಲ್ಲದೆ ಬಂದವರಿಗೂ ಕಾಯಿಲೆ ಹತ್ತಿತು. ಚಿಕೂನ್‌ಗುನ್ಯ 2006ರಲ್ಲಿ ಕರ್ನಾಟಕವನ್ನು ಹಿಂಡಿದಾಗಲೂ, ಈಗ ಡೆಂಗಿ ಬರುವಾಗಲೂ ಕಾರಣ ಇದೇ ಜಾತಿಯ, ಮನೆಯ ನೀರಿನಲ್ಲೇ ಹುಟ್ಟುವ ಈಡಿಸ್ ಸೊಳ್ಳೆ. ಅದು ಕಚ್ಚುವುದು ಹಗಲಿನಲ್ಲಿ; ರಾತ್ರಿಯ ಪರದೆ ಅದನ್ನು ತಡೆಯದು. ಹಗಲು ಮಲಗುವ ಹಸುಗೂಸಿಗೆ ಮಾತ್ರ ಪರದೆ ಬೇಕೇ ಬೇಕು. ದೊಡ್ಡವರ ಕೆಲಸ ಅಂಗಳದಲ್ಲಿದೆ. ತೆಂಗಿನ ಸೀಮೆಯಾದ ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಎಳನೀರು ಕುಡಿದು ಎಸೆದ ಬುರುಡೆ, ಹಿತ್ತಿಲಲ್ಲಿ ಬಿದ್ದ ಚಿಪ್ಪು ಮುಂಗಾರಿನ ಮೊದಲ ಮಳೆಗೇ ತುಂಬುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅಲ್ಲಿ ವಾರ, ಹತ್ತು ದಿನ ಸಾಕು. ಬೆಂಗಳೂರಿನಲ್ಲಿ ರಾಸ್ ತೊಟ್ಟಿಯನ್ನು ಮಗುಚಿದಂತೆ ಇವುಗಳನ್ನೂ ವಾರಕ್ಕೊಮ್ಮೆ ಮಗುಚಬಹುದು. ಅದಕ್ಕೆ ಹತ್ತು ನಿಮಿಷ ಹಿಡಿದೀತು.